ಗಣಕಯಂತ್ರವೂ ಗೃಹಕಲಹವೂ

ಚುನಾವಣೆಯ ಕಾಲದಲ್ಲಿ ಮನೆಮನೆಯಲ್ಲಿಯೂ ವಾಗ್ವಾದ ನಡೆಯುವುದು ಸಹಜ. ಆದರೆ ಚುನಾವಣೆಯೇ ಇಲ್ಲದ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡಿವೆ. ಒಂದು ವಿಂಡೋಸ್ ಪಕ್ಷ. ಇನ್ನೊಂದು ಲಿನಕ್ಸ್ ಪಕ್ಷ. ಮೊದಲನೆಯದರ ನಾಯಕರು ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಎರಡನೆಯದಕ್ಕೆ ನನ್ನ ಮಗನೇ ಮುಂದಾಳು. ಸಭೆ ಸೇರುವುದು ದೀಪಾಂಜಲಿ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಪ್ರತಿ ಆದಿತ್ಯವಾರ, ಕಾಫಿಯ ಸಮಯಕ್ಕೆ ಸರಿಯಾಗಿ. 2015ರಿಂದ ಮೈಸೂರು ರಸ್ತೆಯ ಮೇಲೆ ಓಡಾಡುತ್ತಿರುವ ಮೆಟ್ರೋ ರೈಲಿನ ಸದ್ದೂ ಇವರ ದನಿಯ ಮುಂದೆ ಸೋಲುತ್ತದೆ.

ವಿಷಯ ತಿಳಿಯದ ಓದುಗರಿಗೆ ಒಂದು ಮಾತು. ಗಣಕಯಂತ್ರವನ್ನು ಛತ್ರವೆಂದು ಭಾವಿಸಿದರೆ, ಆಪರೇಟಿಂಗ್ ಸಿಸ್ಟಂ ಅದರ ಪಾರುಪತ್ತೇಗಾರ. ಬಂದವರಿಗೆ ಕೊಠಡಿ ತೋರಿಸುವವನೂ ಬೀಗದ ಕೈ ಇಟ್ಟುಕೊಂಡವನೂ ಅವನೇ. ಕಾಗದ ಬರೆಯುವುದಿರಲಿ, ಚಿತ್ರ ನೋಡುವುದಿರಲಿ, ಅವನ ಅಪ್ಪಣೆಯಿಲ್ಲದೆ ಯಾವುದೂ ಸಾಗದು. ವಿಂಡೋಸ್ ಅಮೆರಿಕೆಯ ಮೈಕ್ರೋಸಾಫ್ಟ್ ಸಂಸ್ಥೆಯದು. ಲಿನಕ್ಸಿನ ತಿರುಳನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದು ಲೋಕದ ಮುಂದಿಟ್ಟರು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು.

ಕಲಹಕ್ಕೆ ಕಾರಣವಿಷ್ಟೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಂಸ್ಥೆಯ ಸಾಮಾನ್ಯ ಬೆಂಬಲ ನಿಂತಿತು. ನಮ್ಮ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲವಂತೆ.

"ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದೇ ಅಂಕಲ್? ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಬರುತ್ತದೆ" ಎಂದ ಮಗ.

"ಅಲ್ಲಪ್ಪಾ, ನನ್ನ ಲೆಕ್ಕಪತ್ರದ ತಂತ್ರಾಂಶ ಅದರಲ್ಲಿ ಓಡೀತೇ? ಪ್ರಿಂಟರ್ ಹಟ ಹಿಡಿದರೆ ನೀನು ಆಫೀಸಿಗೆ ರಜಾ ಹಾಕಿ ಬರುತ್ತೀಯಾ?" ಎಂದರು ಅವರು.

ಎರಡೂ ನ್ಯಾಯವಾದ ಮಾತೇ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಗ, ಕೇರಳದ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶದಲ್ಲೇ ಪಾಠ ಹೇಳುವ ಸಂಗತಿಯನ್ನು ತೆಗೆದ. "ಅದೆಲ್ಲ ಕೆಂಪು ಬಾವುಟದವರ ಹಟ" ಎಂದರು ಅವರು. "ಕಾಂಗ್ರೆಸ್ಸಿನ ಕೂಟ ಆಳಿದಾಗಲೂ ಅದು ಮುಂದುವರಿಯಿತು" ಎಂದ ಇವನು. ಹತ್ತು ನಿಮಿಷದೊಳಗೆ ಗಣಕಯಂತ್ರ ಮೂಲೆ ಸೇರಿತು. ಯಾರು ಯಾರಿಗೆ ಮತ ಹಾಕಿದ್ದರೆಂಬ ಲೆಕ್ಕ ಪಡಸಾಲೆಯ ನಡುವೆ ಬಂದು ಕುಳಿತಿತು. "ಮೇಷ್ಟ್ರೇ, ನೀವೇ ಹೇಳಿ" ಎಂದು ಇಬ್ಬರೂ ನನ್ನತ್ತ ತಿರುಗಿದರು. ನಾನು ಪತ್ರಿಕೆಯ ಮರೆಯಲ್ಲಿ ಮುಖ ಅಡಗಿಸಿಕೊಂಡೆ.

ಆಗ ನನ್ನ ಹೆಂಡತಿ ಒಳಗಿನಿಂದ ಒಂದು ಪೆನ್ ಡ್ರೈವ್ ತಂದು ಮೇಜಿನ ಮೇಲಿಟ್ಟಳು. "ನಿಮ್ಮಲ್ಲಿ ಯಾವ ಪಕ್ಷ ಇದನ್ನು ಓದಿಕೊಡುತ್ತದೆ, ನೋಡೋಣ" ಎಂದಳು.

ಅದು ದಿವಂಗತರಾದ ನನ್ನ ಮಾವನವರ ನೆನಪುಗಳು. ಎಪ್ಪತ್ತರ ವಯಸ್ಸಿನಲ್ಲಿ ಬೆರಳಚ್ಚು ಕಲಿತು, 2003ರಲ್ಲಿ ಆಗಿನ ಒಂದು ಕನ್ನಡ ತಂತ್ರಾಂಶದಲ್ಲಿ ತಾವೇ ಬರೆದಿಟ್ಟಿದ್ದರು. ವಿಂಡೋಸಿನಲ್ಲಿ ತೆರೆದರೆ ಒಂದಕ್ಕೊಂದು ಸಂಬಂಧವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಲಿನಕ್ಸಿನಲ್ಲಿ ತೆರೆದರೂ ಅದೇ ಸಾಲು. ಎರಡು ಪಕ್ಷಗಳೂ ಮೌನ ವಹಿಸಿದವು.

ಮಗ ಕಾರಣ ವಿವರಿಸಿದ. ಅಂದಿನ ಅಕ್ಷರಮಾದರಿಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಪೀಠದ ಮೇಲೆ ಕೂರಿಸುತ್ತಿದ್ದರಂತೆ. ಆ ಕಾಲಕ್ಕೆ ಅದೇ ಉಪಾಯ. ಅದೇ ಅಕ್ಷರಮಾದರಿ ಯಂತ್ರದಲ್ಲಿಲ್ಲದಿದ್ದರೆ ಕನ್ನಡ ಎದ್ದುಹೋಗಿ ಪೀಠ ಮಾತ್ರ ಉಳಿಯುತ್ತದೆ. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ಅದರಲ್ಲಿ ಬರೆದದ್ದು ವಿಂಡೋಸಿನಲ್ಲೂ ಕನ್ನಡ, ಲಿನಕ್ಸಿನಲ್ಲೂ ಕನ್ನಡ. ನಮ್ಮ ರಾಜ್ಯ ಸರಕಾರ ಅದನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದು 2012ರಲ್ಲಿ. ಅಷ್ಟರೊಳಗೆ ಎಷ್ಟು ಮನೆಗಳ, ಎಷ್ಟು ಕಚೇರಿಗಳ ಬರಹ ಹೀಗೆ ಪೀಠವಾಗಿ ಉಳಿಯಿತೋ! ಕೆ. ಪಿ. ರಾವ್ ಅವರು ಕನ್ನಡಕ್ಕೊಂದು ಸರಳ ಕೀಲಿಮಣೆಯನ್ನು ರೂಪಿಸಿದರು; 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಪಟ್ಟುಹಿಡಿದು ವಾದಿಸಿದರು. ಅವರ ಚಿಂತೆ ಎಂಥದೆಂಬುದು ನನಗೆ ಆ ದಿನ ಅರ್ಥವಾಯಿತು.

ಮುಂದಿನದು ಅಚ್ಚರಿಯ ಸಂಗತಿ. ವಿರೋಧಿಗಳಿಬ್ಬರೂ ಒಂದೇ ಯಂತ್ರದ ಮುಂದೆ ಕುಳಿತರು. ಮಗ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನವೊಂದನ್ನು ಹುಡುಕಿದ. ಎದುರುಮನೆಯವರು ಕನ್ನಡಕ ಏರಿಸಿಕೊಂಡು, ತಪ್ಪು ಜಾಗದಲ್ಲಿ ಬಿದ್ದ ಅರ್ಕಾವತ್ತುಗಳನ್ನು ಒಂದೊಂದಾಗಿ ತೋರಿಸಿಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಮಾವನವರು ಮಾತನಾಡತೊಡಗಿದರು: ವೃಷಭಾವತಿಯಲ್ಲಿ ಕಾಲು ತೊಳೆದು ಗಾಳಿ ಆಂಜನೇಯನ ಗುಡಿಗೆ ಹೋಗುತ್ತಿದ್ದ ದಿನಗಳು, ಮಗಳು ಹುಟ್ಟಿದ ರಾತ್ರಿಯ ಮಳೆ. ನನ್ನ ಹೆಂಡತಿ ನಿಂತೇ ಓದಿದಳು. ಅಡಿಗೆಮನೆಯಲ್ಲಿ ಹಾಲು ಉಕ್ಕಿಹೋಯಿತು, ಯಾರೂ ಏಳಲಿಲ್ಲ.

ನನ್ನ ಅಭಿಪ್ರಾಯವನ್ನು ಈಗ ಹೇಳಬಹುದು. ಮನೆಯ ಯಂತ್ರಕ್ಕೆ ಅವರವರ ಅನುಕೂಲದಂತೆ ಯಾವ ಪಾರುಪತ್ತೇಗಾರನಾದರೂ ಇರಲಿ. ಆದರೆ ಛತ್ರ ಬಿಟ್ಟು ಹೊರಡುವಾಗ ನಮ್ಮ ಗಂಟನ್ನು ನಮಗೆ ಕೊಡುತ್ತಾನೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಶಾಲೆ, ಕಚೇರಿಗಳ ಮಟ್ಟಿಗಂತೂ, ಯಾವ ಯಂತ್ರದಲ್ಲಿ ತೆರೆದರೂ ಓದಲು ಬರುವಂತೆಯೇ ಬರಹವನ್ನು ಇಡತಕ್ಕದ್ದು. ಅದು ಎಲ್ಲ ಪ್ರಜೆಗಳ ಸೊತ್ತು. ರಾಜಕೀಯದಲ್ಲಿಯೂ ನಾನು ಕೇಳುವುದು ಇದನ್ನೇ. ಬಾವುಟದ ಬಣ್ಣ ಆಮೇಲೆ. ಬೇಡವಾದಾಗ ಬಿಟ್ಟುಬರುವ ಹಕ್ಕು ನಮ್ಮಲ್ಲಿ ಉಳಿದಿದೆಯೇ, ಅದು ಮೊದಲು.

ಮುಂದಿನ ಆದಿತ್ಯವಾರ ಜಗಳ ಮತ್ತೆ ಶುರುವಾಯಿತೆನ್ನಿ. ಆದರೆ ಮಾವನವರ ನೆನಪುಗಳ ಎರಡು ಪ್ರತಿಗಳು ಈಗ ಇವೆ: ಒಂದು ಮಗನ ಲಿನಕ್ಸಿನಲ್ಲಿ, ಇನ್ನೊಂದು ಎದುರುಮನೆಯ ವಿಂಡೋಸಿನಲ್ಲಿ.