ಅಡ್ವಾನ್ಸ್‌ಗೆ ಇಬ್ಬರ ಹೆಸರಿರಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ಕೆಲಸಕ್ಕಿಂತ ಮೊದಲು ಎದುರಾಗುವುದು ಮನೆಯ ಅಡ್ವಾನ್ಸ್. ತಿಂಗಳ ಬಾಡಿಗೆ 20,000 ರೂಪಾಯಿ ಎಂದುಕೊಳ್ಳಿ. ಹಳೆಯ ರೂಢಿಯಂತೆ ಮಾಲೀಕರು ಹತ್ತು ತಿಂಗಳದ್ದು ಕೇಳಿದರೆ 2 ಲಕ್ಷ. ಜೊತೆಗಾರ ಸಿಕ್ಕರೂ ತಲಾ 1 ಲಕ್ಷ. ಮಳೆ ನಂಬಿ ಶೇಂಗಾ ಬಿತ್ತುವ, ಮಲ್ಲಿಗೆ ಬಿಡಿಸಿ ಮಾರುವ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕೆನ್ನುತ್ತದೆ. ಅದೇ ಮನೆಗೆ 40,000. ಆದರೆ ರಾಜ್ಯ ಅಳವಡಿಸಿಕೊಂಡರಷ್ಟೇ ಅದು ಜಾರಿ. ಈ ಮಿತಿ ಬೆಂಗಳೂರಿಗೆ ಬರಲೇಬೇಕು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಯುವನಿಧಿ ಕೊಡುವ ಸರ್ಕಾರ ಇದನ್ನೂ ಯೋಚಿಸಬೇಕು.

ಅಲ್ಲಿಯವರೆಗೆ ಕಾಗದವೇ ಗಟ್ಟಿ.

ಒಂದೇ ಊರಿನವರು, ಒಂದೇ ಹಾಸ್ಟೆಲ್‌ನವರು ಎಂಬ ವಿಶ್ವಾಸದಲ್ಲಿ ಕರಾರು ಒಬ್ಬರ ಹೆಸರಿಗಾಗುತ್ತದೆ, ಹಣ ಇಬ್ಬರದೂ ಹೋಗುತ್ತದೆ. ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಡಿ ನೋಂದಣಿ ಕಡ್ಡಾಯ. ಹಾಗಾಗಿಯೇ 11 ತಿಂಗಳ ಕರಾರಿನ ಬಳಕೆ. ಅದು ಎಷ್ಟೇ ಚಿಕ್ಕದಿರಲಿ, ಇಬ್ಬರ ಸಹಿ, ಯಾರ ಪಾಲು ಎಷ್ಟು, ಬಣ್ಣದ ಖರ್ಚಿಗೆ ಹಿಡಿಯುವುದೆಷ್ಟು ಎಂಬುದು ಬರಹದಲ್ಲಿರಬೇಕು. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಒಬ್ಬರು ಮದುವೆಗೋ ಬೇರೆ ಊರಿನ ಕೆಲಸಕ್ಕೋ ನಡುವೆ ಹೊರಟರೆ ಉಳಿದವರ ಮೇಲೆ ಪೂರ್ತಿ ಬಾಡಿಗೆ ಬೀಳುತ್ತದೆ; ಎಷ್ಟು ದಿನ ಮೊದಲೇ ಹೇಳಬೇಕೆಂಬುದನ್ನು ಮನೆ ನೋಡುವ ಮುಂಚೆಯೇ ಇಬ್ಬರೂ, ಹಿರಿಯರ ಎದುರೇ, ಮಾತಾಡಿಕೊಳ್ಳಲಿ.