ಬಯೋಡೇಟಾ: ತಿದ್ದುವುದು ಬೇರೆ, ಸುಳ್ಳು ಹೇಳುವುದು ಬೇರೆ

ಗೆಳೆಯನ ಬಯೋಡೇಟಾ ಇಸಿದುಕೊಂಡು ಹೆಸರು, ಅಂಕ ಬದಲಿಸುವುದು. ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಬೇಕೆನ್ನುವ ಹಳೆಯ ಇಂಗ್ಲಿಷ್ ವಾಕ್ಯವನ್ನು ಹಾಗೇ ಉಳಿಸುವುದು. ಅದನ್ನೇ ಕಂಡಕಂಡ ಕಂಪನಿಗೆಲ್ಲ ಕಳಿಸುವುದು. ನಮ್ಮಲ್ಲಿ ಕೆಲಸ ಹುಡುಕುವ ಬಹುಮಂದಿಯ ರೂಢಿ ಇದು. ಹುದ್ದೆಗೆ ತಕ್ಕಂತೆ ತಿದ್ದಿ ಬರೆಯಿರಿ ಎಂದರೆ ಕೆಲವರಿಗೆ ಕಸಿವಿಸಿ. ಇರುವವನು ನಾನೊಬ್ಬನೇ, ಕಂಪನಿಗೊಂದು ವೇಷ ಹಾಕುವುದು ಮೋಸವಲ್ಲವೇ ಎನ್ನುತ್ತಾರೆ.

ಬಯೋಡೇಟಾ ಆತ್ಮಚರಿತ್ರೆಯಾಗಿದ್ದರೆ ಈ ಆಕ್ಷೇಪ ನಿಲ್ಲುತ್ತಿತ್ತು. ಅದು ಜಾಹೀರಾತು ಕೇಳಿದ ಪ್ರಶ್ನೆಗೆ ನಾವು ಕೊಡುವ ಉತ್ತರ. ಬಿ.ಕಾಂ. ಮುಗಿಸಿ ಊರಿನ ಸಹಕಾರ ಸಂಘದಲ್ಲಿ ಎರಡು ವರ್ಷ ದುಡಿದ ಹುಡುಗಿಯೊಬ್ಬಳು ಎರಡು ಕಡೆ ಅರ್ಜಿ ಹಾಕುತ್ತಾಳೆ ಎನ್ನಿ. ಅಕೌಂಟೆಂಟ್ ಹುದ್ದೆಯಾದರೆ ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್, ಬ್ಯಾಂಕ್ ಲೆಕ್ಕದ ತಾಳೆ ಮೊದಲು ಬರಬೇಕು. ಗ್ರಾಹಕ ಸೇವೆಯ ಹುದ್ದೆಯಾದರೆ, ಸಾಲದ ಕಂತು, ಬಡ್ಡಿಯನ್ನು ರೈತ ಸದಸ್ಯರಿಗೆ ಬಿಡಿಸಿ ಹೇಳಿದ ಅನುಭವ ಮೇಲೇರಬೇಕು. ಅದೇ ಎರಡು ವರ್ಷ, ಅದೇ ಸತ್ಯ. ಓದುವವನಿಗೆ ಬೇಕಾದದ್ದು ಮುಂದೆ ಬಂತು, ಅಷ್ಟೆ.

ಹೀಗೆ ಬರೆಯುವುದು ಹೊಸದೇನಲ್ಲ. 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಕೆಲಸ ಕೇಳಿ, ಮಿಲಾನಿನ ಆಡಳಿತ ಹಿಡಿದಿದ್ದ ಲುಡೊವಿಕೊ ಸ್ಫೋರ್ಜಾನಿಗಾಗಿ ಸಿದ್ಧಪಡಿಸಿದ ಪತ್ರದ ಕರಡು ಉಳಿದಿದೆ. ಯುದ್ಧದ ಕಾಲ. ಆದ್ದರಿಂದ ಹಗುರ ಸೇತುವೆ, ಫಿರಂಗಿ, ಮುತ್ತಿಗೆಯ ಉಪಾಯಗಳೇ ಸಾಲುಗಟ್ಟಿ ಮೊದಲು ಬರುತ್ತವೆ. ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಗೆ. ಅದಕ್ಕಿಂತ ಮುಖ್ಯ, ಇವು ಅಸಾಧ್ಯವೆನಿಸಿದರೆ ಪರೀಕ್ಷೆಗೆ ಸಿದ್ಧ ಎಂದೂ ಆತ ಹೇಳುತ್ತಾನೆ.

ತಿದ್ದುವುದಕ್ಕೂ ಸುಳ್ಳಿಗೂ ನಡುವಿನ ಗೆರೆ ಈ ಪರೀಕ್ಷೆಯೇ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಸಾಫ್ಟ್‌ವೇರ್ ಮೂಲಕ ಸೋಸುವುದುಂಟು. ಜಾಹೀರಾತಿನಲ್ಲಿ ಜಿಎಸ್‌ಟಿ ರಿಟರ್ನ್ಸ್ ಎಂದಿದ್ದು, ನೀವು ಬರೀ ತೆರಿಗೆ ಕೆಲಸ ಎಂದು ಬರೆದರೆ ಹುಡುಕಾಟದಲ್ಲಿ ಸಿಗದೇ ಹೋಗಬಹುದು. ಮಾಡಿದ ಕೆಲಸವನ್ನು ಅವರ ಮಾತಿನಲ್ಲೇ ಹೇಳುವುದು ಜಾಣತನ. ಮಾಡದ ಕೆಲಸದ ಹೆಸರು ತುರುಕಿದರೆ ಸಂದರ್ಶನದ ಎರಡನೆಯ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ದುಡ್ಡು ಕೊಟ್ಟು ತಂದ ಅನುಭವ ಪತ್ರ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೈಗೆ ಬಂದ ಕೆಲಸವೂ ಹೋಗುತ್ತದೆ.

ತಪ್ಪೆಲ್ಲ ಅಭ್ಯರ್ಥಿಯದೇ ಎನ್ನುವಂತಿಲ್ಲ. ಫ್ರೆಷರ್ ಬೇಕೆಂದು ಕರೆದು ಎರಡು ವರ್ಷದ ಅನುಭವ ಕೇಳುವವರು, ಒಬ್ಬನಿಗೆ ಕೊಡುವ ಸಂಬಳಕ್ಕೆ ಮೂವರ ಕೌಶಲ ಪಟ್ಟಿ ಮಾಡುವವರು ಸುಳ್ಳಿಗೆ ತಾವೇ ದಾರಿ ಮಾಡಿಕೊಡುತ್ತಾರೆ. ನಿಜವಾಗಿ ಬೇಕಾದದ್ದನ್ನಷ್ಟೇ ಕೇಳಿದರೆ ನಿಜವಾದ ಉತ್ತರಗಳೂ ಬಂದಾವು.

ಅಲ್ಲಿಯವರೆಗೆ ಅರ್ಜಿ ಹಾಕುವವರು ಇಷ್ಟು ಮಾಡಬಹುದು: ಐವತ್ತು ಕಡೆಗೆ ಒಂದೇ ಪ್ರತಿ ಎಸೆಯುವ ಬದಲು, ಒಗ್ಗುವ ಐದು ಹುದ್ದೆ ಆರಿಸಿ, ಜಾಹೀರಾತನ್ನು ಪೂರ್ತಿ ಓದಿ, ಒಂದೊಂದಕ್ಕೂ ಬೇರೆಯಾಗಿ ಬರೆಯಿರಿ. ಯಾವ ಸಾಲಿನ ಬಗ್ಗೆ ಐದು ನಿಮಿಷ ಮಾತಾಡಲು ಬಾರದೋ, ಆ ಸಾಲನ್ನು ಕಳಿಸುವ ಮೊದಲೇ ಅಳಿಸಿಬಿಡಿ.