ಹಿಟ್ಟಿನ ಕೋಳಿ, ರಾಮದೇವರ ಬೆಟ್ಟದ ರಣಹದ್ದು

ಕೆಡುಕನು ಹುಟ್ಟಿನಿಂದಲೇ ಕೆಡುಕನೆಂಬ ನಂಬಿಕೆಗೆ ರಾಮನಗರದ ರಾಮದೇವರ ಬೆಟ್ಟದಷ್ಟು ಒಗ್ಗುವ ರಂಗಸ್ಥಳ ಬೇರೊಂದಿಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ಯ ಚಿತ್ರೀಕರಣ ನಡೆದದ್ದು ಅಲ್ಲಿಯೇ, ಪ್ರವಾಸಿಗರು ಇಂದಿಗೂ ಬಂಡೆಗಳ ನಡುವೆ ಗಬ್ಬರ್ ಸಿಂಗನನ್ನು ಅರಸುತ್ತಾರೆ. ಅದೇ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳನ್ನು, 2012ರಲ್ಲಿ ಅಲ್ಲಿ ರಣಹದ್ದು ಧಾಮ ಘೋಷಿತವಾದ ಮೇಲೂ, ವಿಚಾರಿಸುವವರು ವಿರಳ. ಆ ಕುಲವನ್ನು ದೇಶದಾದ್ಯಂತ ಅಳಿವಿನಂಚಿಗೆ ತಂದವನು ಯಾವ ಡಕಾಯಿತನೂ ಅಲ್ಲ. ದನಗಳ ನೋವಿಗೆ ಕೊಟ್ಟ ಡೈಕ್ಲೋಫಿನಾಕ್, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು.

ಅಜ್ಞಾನವೇ ಪಾಪದ ಮೂಲವೆನ್ನುವವರ ಸಮಾಧಾನ 2006ರವರೆಗೆ ಮಾತ್ರ ಸಲ್ಲುತ್ತದೆ. ಆ ವರ್ಷ ಔಷಧದ ಪಶುಬಳಕೆ ನಿಷಿದ್ಧವಾಯಿತು. ಬಳಿಕವೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರಿದವು. 2015ರಲ್ಲಿ ಸೀಸೆಯನ್ನೇ 3 ಮಿ.ಲೀ.ಗೆ ಇಳಿಸಬೇಕಾಯಿತು.

ಬಲ್ಲವರೇ ಹೀಗೇಕೆ ಮಾಡುತ್ತಾರೆಂಬುದಕ್ಕೆ ಜನ್ನನ ‘ಯಶೋಧರಚರಿತೆ’ (1209) ಉತ್ತರ ಕೊಡುತ್ತದೆ. ಕೊಲೆ ಪಾಪವೆಂದು ಯಶೋಧರನಿಗೆ ತಿಳಿದಿದೆ. ತಾಯಿಯೊಡನೆ ವಾದಿಸಿಯೂ ಇದ್ದಾನೆ. ಕೊನೆಗೆ ಒಪ್ಪಿಕೊಂಡದ್ದು ಬರಿಯ ಹಿಟ್ಟಿನ ಕೋಳಿಯ ಬಲಿಗೆ. ಇದನ್ನು ವಿಧಿಯ ಆಟವೆಂದು ತರಗತಿಗಳಲ್ಲಿ ಪಾಠ ಹೇಳುವುದು ಕಾವ್ಯಕ್ಕೆ ಬಗೆವ ಅನ್ಯಾಯ. ಕೃತ್ಯವನ್ನು ಕಿರಿದಾಗಿಸುವ ಹೆಸರೊಂದು ಸಿಕ್ಕಿತು, ಅವನು ಒಪ್ಪಿದನು. ಕೊಟ್ಟಿಗೆಯಲ್ಲಿ ಆ ಹೆಸರು ‘ಒಂದೇ ಒಂದು ಇಂಜೆಕ್ಷನ್’. ‘ತತ್ತ್ವಾರ್ಥಸೂತ್ರ’ದಲ್ಲಿ ಉಮಾಸ್ವಾತಿಗಳು ಹಿಂಸೆಯ ಲಕ್ಷಣ ಹೇಳುವಾಗ ಹೆಸರಿಸಿದ್ದು ದ್ವೇಷವನ್ನಲ್ಲ, ಪ್ರಮಾದವನ್ನು.